ಹನ್ನೊಂದರಲ್ಲಿ ಉಳಿದದ್ದು

ಮನೆ, ಊಟದ ಮೇಜು
ಮಾರ್ಚ್ ಹನ್ನೆರಡು, ಗುರುವಾರ

ರೀ,

ಹೇಗಿದ್ದೀರಿ? ಹಡಗಿನ ಇಂಜಿನ್ ಕೋಣೆಯ ಸೆಕೆಗೆ ಬೆನ್ನಿನ ತುಂಬ ಎದ್ದಿದ್ದ ಬೊಕ್ಕೆ ವಾಸಿಯಾಯಿತೇ? ಆಯಿತು ಎಂದು ನೀವು ಬರೆದರೆ ನಂಬುವವಳಲ್ಲ, ಜೊತೆಯವರ ಕೈಲಿ ಬರೆಸಿ. ನಾನು ಚೆನ್ನಾಗಿದ್ದೇನೆ.

ಇನ್ನು ಆಸ್ಪತ್ರೆಯ ಸುದ್ದಿ. ನನ್ನಿಂದ ಹನ್ನೊಂದು ಅಂಡಾಣು ತೆಗೆದರೆಂದು ಬರೆದಿದ್ದೆನಲ್ಲ? ಸಂಜೆಗೆ ಫೋನ್ ಮಾಡಿ, ಬಲಿತಿರುವುದು ಎಂಟೇ ಎಂದರು. ನೀವು ಹೊರಡುವ ಮುಂಚೆ ಕೊಟ್ಟು ಹೋದದ್ದರ ಜೊತೆ ಅವನ್ನು ಸೇರಿಸಿಟ್ಟ ಮೇಲೆ ಮರುದಿನಕ್ಕೆ ಭ್ರೂಣವಾದದ್ದು ಆರು. ಮೂರನೆಯ ದಿನ ನಾಲ್ಕು, ಐದನೆಯ ದಿನ ಎರಡು! ಒಂದನ್ನು ನನ್ನೊಳಗೆ ಇಟ್ಟರು, ಇನ್ನೊಂದನ್ನು ಹೆಪ್ಪುಗಟ್ಟಿಸಿ ಎತ್ತಿಟ್ಟರು. ಅಲ್ಲಾ, ಉಳಿದ ಒಂಬತ್ತು ಎಲ್ಲಿ ಹೋದವು? ನನ್ನ ತಲೆಗೆ ಹುಳ ಹೊಕ್ಕಿತು. ನಮ್ಮ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಟ್ಟ ಅಂಗಿಯನ್ನೂ ಲೆಕ್ಕಕ್ಕೆ ನನಗೆ ತೋರಿಸದೆ ಯಾರೂ ಮನೆಗೆ ಹೋಗುವ ಹಾಗಿಲ್ಲ. ಇಲ್ಲಿ ಕೇಳುವವರೇ ಇಲ್ಲವೇ? ನಮ್ಮದನ್ನು ಬೇರೆ ಯಾರ ಮಡಿಲಿಗಾದರೂ ದಾಟಿಸಿದರೆ? ಅಂಡಾಣು ತೆಗೆಯುವ ದಿನವೂ ಮೂರು ಸಲ ನನ್ನ ಹೆಸರು ಕೇಳಿದ್ದರು. ಇವರಿಗೆ ನಾನ್ಯಾರೆಂದೇ ಗೊತ್ತಿಲ್ಲವಲ್ಲ ಎಂದು ಅವತ್ತೇ ಅನುಮಾನ ಬಂದಿತ್ತು.

ಹೋಗಿಯೇ ಬಿಟ್ಟೆ. "ಕೆಟ್ಟಿದ್ದನ್ನಾದ್ರೂ ತೋರಿಸಿ" ಎಂದು ಲ್ಯಾಬಿನ ಬಾಗಿಲಲ್ಲಿ ಪಟ್ಟು ಹಿಡಿದು ಕುಳಿತೆ. ಲ್ಯಾಬಿನ ಅಮ್ಮ ಬೈಯಲಿಲ್ಲ, ಒಂದೊಂದರದೂ ದಿನದಿನದ ಫೋಟೋ ತೋರಿಸಿದಳು. "ಯಾರೂ ಕದ್ದಿಲ್ಲಮ್ಮ. ಒಂದು ಜೀವಕೋಶ ಒಡೆದು ಎರಡಾಯ್ತು, ನಾಲ್ಕಾಯ್ತು, ಬೆಳೆಯೋದು ಅಲ್ಲೇ ನಿಂತುಬಿಡ್ತು. ಎಲ್ಲರದ್ದೂ ಹೀಗೇನೇ" ಎಂದಳು. ಭ್ರೂಣ ಬೆಳೆಸುವ ಗಾಜಿನ ತಟ್ಟೆ ಬದಲಿಸುವಾಗಲೆಲ್ಲ ಇಬ್ಬರು ನಿಂತು ಹೆಸರು ಓದುತ್ತಾರಂತೆ. ಎಲ್ಲ ಫೋಟೋದ ಮೇಲೂ ನಮ್ಮಿಬ್ಬರ ಹೆಸರಿತ್ತು ರೀ. ನಿಂತುಹೋದ ಆ ಪುಟ್ಟ ಗುಳ್ಳೆಗಳನ್ನು ನೋಡಿ ಅಳು ತಡೆಯಲಾಗಲಿಲ್ಲ. ಕರೆಂಟು ಹೋದರೆ ಎತ್ತಿಟ್ಟದ್ದರ ಗತಿಯೇನು ಎಂದು ಆಮೇಲೂ ಕೇಳಿದೆನೆನ್ನಿ.

ಹೊತ್ತಿಗೆ ಸರಿಯಾಗಿ ಉಣ್ಣಿ, ಮೈ ನೋಡಿಕೊಳ್ಳಿ.

ನೀವೇ ಹೆಸರಿಟ್ಟ,
ಅನುಮಾನದಮ್ಮ

ತಾ.ಕ.: ಒಳಗಿಟ್ಟದ್ದು ನಿಲ್ಲಲಿಲ್ಲ. ಹೋದ ಶುಕ್ರವಾರವೇ ಗೊತ್ತಾಯಿತು, ಬರೆಯಲು ಕೈ ಬರಲಿಲ್ಲ. ಇದೊಂದೇ ಸಲ, ಆಮೇಲೆ ಸಾಕು ಎಂದು ನೀವು ಹೇಳಿಹೋಗಿದ್ದು ಮರೆತಿಲ್ಲ. ಆದರೆ ಉಳಿದ ಒಂದನ್ನು ಬಿಸಾಡದೆ ಇಡಬೇಕೆಂದರೆ ಇಬ್ಬರ ರುಜುವೂ ಬೇಕಂತೆ, ಇವತ್ತೇ ಕಡೆಯ ದಿನ. ನಿಮ್ಮದನ್ನೂ ನಾನೇ ಹಾಕಿಬಿಟ್ಟೆ. ಆ ಅಮ್ಮ ಒಂದು ಕ್ಷಣವೂ ಅನುಮಾನಪಡಲಿಲ್ಲ. ಬೇಡವೆಂದರೆ ಮೊದಲು ನನಗೆ ಹೇಳಿ, ಅವರಿಗಲ್ಲ.