ಸಣ್ಣಕ್ಷರದ ಸಾಲು

ಗೆಳೆಯಾ ಚೆನ್ನಕೇಶವಾ, ಕೇಳುವಂಥವನಾಗು.

ನಾವು ತಿಂಗಳಿಡೀ ಕಾಯುತ್ತಿದ್ದ ಆ ತಮಿಳು ಆರೋಗ್ಯ ಪತ್ರಿಕೆ ನಿಂತುಹೋಯಿತು. ನಮ್ಮ ಎಡಪ್ಪಾಡಿ ಬಸ್‌ಸ್ಟ್ಯಾಂಡಿಗೆ ಇನ್ನೂರು ಪ್ರತಿ ಬಂದರೂ ಮಧ್ಯಾಹ್ನಕ್ಕೆ ಒಂದೂ ಉಳಿಯುತ್ತಿರಲಿಲ್ಲ. ಈಗ ಜನ ಡಾಕ್ಟರನ್ನು ಫೋನಿನಲ್ಲೇ ನೋಡುತ್ತಾರೆ.

ಕೊನೆಯ ಸಂಚಿಕೆಯನ್ನು ಇವತ್ತು ನಿನ್ನ ಮಗ್ಗದ ಮನೆಯಲ್ಲಿ ಓದಿದೆ. ಎಂದಿನಂತೆ, ಓದು ಬಾರದ ನಿಮ್ಮ ಮನೆಯವರಿಗೆ ಕನ್ನಡ ಮಾಡಿಕೊಂಡು, ಮಗ್ಗದ ಸದ್ದಿಗೂ ಮೇಲಾಗಿ, ನನ್ನ ಬಯಲಾಟದ ಭೀಮನ ವೇಷದ ಕಂಠದಲ್ಲಿ. ಹೋದ ವರ್ಷ ಹಾಗಲಕಾಯಿ ರಸದ ಮಹಿಮೆ ಓದಿದ್ದೂ ಅದೇ ಕಂಠದಲ್ಲಿ. 'ಸಕ್ಕರೆ ಕಾಯಿಲೆಯೆಂಬ ದುಶ್ಶಾಸನನ ವಧೆ' ಎಂದಾಗ ಮಗ್ಗ ನಿಲ್ಲಿಸಿ ಮೊದಲು ಚಪ್ಪಾಳೆ ತಟ್ಟಿದವನು ನೀನು. ಅದರಡಿ ಸಣ್ಣಕ್ಷರದಲ್ಲಿ 'ಮಾತ್ರೆ ನಿಲ್ಲಿಸಬೇಡಿ' ಎಂಬ ಸಾಲಿತ್ತು. ಚಪ್ಪಾಳೆ ಬಿದ್ದ ಮೇಲೆ ನಾನು ಅದನ್ನು ಓದಲಿಲ್ಲ. ನೀನು ತೀರಿಕೊಂಡಾಗ ನಾಲ್ಕು ತಿಂಗಳ ಮಾತ್ರೆ ಗೋಡೆಯ ಗೂಡಿನಲ್ಲಿ ಹಾಗೇ ಇತ್ತು.

ಇವತ್ತು ಓದಿ ಮುಗಿಸಿದಾಗ ನಿನ್ನ ಹೆಂಡತಿ ಪೊನ್ನಮ್ಮ ಕೇಳಿದಳು: "ಅಣ್ಣಾ, ಕೆಳಗೆ ಸಣ್ಣಕ್ಷರದಾಗೆ ಏನೋ ಐತಲ್ಲ?"

"ಅದು ಪ್ರೆಸ್ಸಿನ ಅಡ್ರೆಸ್ ಕಣಮ್ಮಾ."

"ಇರ್ಲಿ, ಅದ್ನೂ ಓದು."

ಅವಳು ಲಾಳಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಪ್ರೆಸ್ಸಿನ ವಿಳಾಸವನ್ನು, ಪಿನ್‌ಕೋಡಿನ ಕೊನೆಯ ಅಂಕಿಯವರೆಗೂ, ಮೆಲ್ಲಗೆ ಓದಿದೆ.