ಚೆಲ್ಲಿದ ನೀರು

ಅಕ್ಕಾ,

ಕಾಗದ ಕಂಡು ಗಾಬರಿಯಾಗಬೇಡ. ಇಲ್ಲಿ ಯಾರಿಗೂ ಏನೂ ಆಗಿಲ್ಲ. ಹೆದರಿಕೊಂಡಿರುವುದು ನಾನೊಬ್ಬಳೇ. ಫೋನಿನಲ್ಲಿ ಹೇಳೋಣವೆಂದರೆ ನೀನು ನಕ್ಕುಬಿಡುತ್ತೀಯ, ನಿನ್ನ ನಗು ಕೇಳಿ ನಾನೂ ನಕ್ಕು ಮಾತು ಹಾರಿಸುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಮಗಳು ಹಟ ಹಿಡಿದಳೆಂದು ಮನೆಗೊಂದು ನಾಯಿಮರಿ ಬಂದಿದೆ. ಬೂದುಬಣ್ಣ, ಕಾಲೇ ಕಾಣದಷ್ಟು ಕೂದಲು. ನನ್ನ ಹೊಲಿಗೆ ಮೆಷಿನ್ನಿನ ಕೆಳಗೆ ಮುದುರಿ ಮಲಗಿದ್ದನ್ನು ನೋಡಿ ಇವರು, ನೂಲಿನ ಉಂಡೆಯ ಹಾಗಿದೆ ಎಂದರು. ಉಂಡೆ ಎಂದೇ ಹೆಸರಾಯಿತು. ಇಷ್ಟೇ ಇಷ್ಟು ಹೊಟ್ಟೆ, ಆದರೆ ಮಾಡುವ ಉಚ್ಚೆಗೆ ಲೆಕ್ಕವಿಲ್ಲ. ನಾವಿರುವುದು ಮೇಲಿನ ಮಹಡಿಯಲ್ಲಿ. ಎತ್ತಿಕೊಂಡು ಮೆಟ್ಟಿಲಿಳಿಯುವಷ್ಟರಲ್ಲಿ ಅದರ ಕೆಲಸ ಮುಗಿದಿರುತ್ತದೆ. ಹಾಗಾಗಿ ಬಚ್ಚಲ ಬಾಗಿಲ ಪಕ್ಕ ಹಳೇ ಪೇಪರ್ ಹಾಸಿ, ಅಲ್ಲೇ ಮಾಡುವುದನ್ನು ಕಲಿಸಲು ಹೊರಟೆ. ನನ್ನ ಕೆಲಸವೆಲ್ಲ ನೆಲದ ಮೇಲೆ, ನಿನಗೆ ಗೊತ್ತಲ್ಲ. ಕತ್ತರಿಸಿದ ಬಟ್ಟೆ ಹರಡಿಕೊಂಡಿರುತ್ತದೆ, ಅದೂ ಬೇರೆಯವರದು.

ಮೊದಲ ಸಲ ಗಿರಾಕಿಯೊಬ್ಬರ ರೇಷ್ಮೆ ಅಂಗಿಯ ತೋಳಿನ ಮೇಲೆ ಮಾಡಿಟ್ಟಿತು. ನನಗೆ ರೇಗಿಹೋಯಿತು. ಕೈಗೆ ಸಿಕ್ಕ ಪೇಪರನ್ನೇ ಸುರುಳಿ ಸುತ್ತಿ ಅದರ ಪಕ್ಕ ನೆಲಕ್ಕೆ ಬಡಿದೆ. ಮರಿಗೆ ಹೊಡೆಯಲಿಲ್ಲ ಅಕ್ಕಾ, ನಿನ್ನಾಣೆ. ಆಮೇಲೆ ಅದೇ ರೂಢಿಯಾಯಿತು. ಪೇಪರ್ ಕಂಡರೆ ಸಾಕು, ಉಂಡೆ ಬಾಲ ಮುದುರಿಕೊಂಡು ಮಂಚದ ಕೆಳಗೆ. ಮಾಡುವುದೂ ಅಲ್ಲೇ, ಕದ್ದು.

ಇವರು ಕಾಫಿ ಕುಡಿಯುತ್ತ, “ಅಲ್ವೇ, ಮಾಡು ಅನ್ನೋದೂ ಪೇಪರ್ ಮೇಲೆ, ಬಡಿಯೋದೂ ಅದೇ ಪೇಪರಲ್ಲಿ. ನಾನಾಗಿದ್ರೂ ಮಂಚದ ಕೆಳಗೇ ಹೋಗ್ತಿದ್ದೆ” ಎಂದರು. ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. “ಇನ್ನೊಂದು ಬಟ್ಟೆ ಹಾಳಾಗ್ಲಿ, ಎಲ್ಲಿಂದ ತಂದ್ರೋ ಅಲ್ಲಿಗೇ ಬಿಟ್ಟು ಬರ್ತೀನಿ” ಎಂದುಬಿಟ್ಟೆ. ಮಗಳು ತಿನ್ನುತ್ತಿದ್ದ ಬ್ರೆಡ್ಡನ್ನು ತಟ್ಟೆಗೆ ಹಾಕಿ ಎದ್ದುಹೋದಳು.

ನಿನ್ನೆ ಮಧ್ಯಾಹ್ನ ಗುಂಡಿ ತರಲು ಕೆಳಗಿನ ಅಂಗಡಿಗೆ ಹೋಗಿ ಬಂದೆ. ನೆಲವೆಲ್ಲ ಒದ್ದೆ, ಕತ್ತರಿಸಿಟ್ಟ ನೀಲಿ ಬಟ್ಟೆಯೂ ಒದ್ದೆ. “ಯಾರ ಕೆಲಸ ಇದು?” ಎಂದೆ.

ಅಕ್ಕಾ, ಅದು ಅಪ್ಪನ ದನಿ. ಕೂಗಿಲ್ಲ, ಜೋರಿಲ್ಲ, ಒಂದೊಂದೇ ಮಾತು ಎಣಿಸಿ ಇಟ್ಟ ಹಾಗೆ. ಅವರು ಹೋಗಿ ಎಷ್ಟೋ ವರ್ಷವಾಯಿತು, ದನಿ ನನ್ನ ಗಂಟಲಲ್ಲೇ ಕೂತಿತ್ತು ನೋಡು.

ನಾನು ಹಾಸಿಗೆಯಲ್ಲಿ ಉಚ್ಚೆ ಮಾಡಿಕೊಂಡ ಬೆಳಗುಗಳಲ್ಲಿ ಅವರು ಬಾಗಿಲಲ್ಲಿ ನಿಂತು ಹೀಗೇ ಕೇಳುತ್ತಿದ್ದರು. ಹೊಡೆದವರಲ್ಲ. ಒದ್ದೆ ಹಾಸಿಗೆಬಟ್ಟೆಯನ್ನು ಬೀದಿಗೆ ಕಾಣುವಂತೆ ಗೇಟಿನ ಮೇಲೆ ಹರಡಿಸುತ್ತಿದ್ದರು, ನನ್ನ ಕೈಯಿಂದಲೇ. ಹೆದರಿ ಹೆದರಿ ಮತ್ತಷ್ಟು ಮಾಡಿಕೊಳ್ಳುತ್ತಿದ್ದೆ. ಒಂದು ಬೆಳಿಗ್ಗೆ ಅವರ ಹೆಜ್ಜೆ ಸದ್ದು ಕೇಳಿದ್ದೇ ನೀನು ಕುಡಿಯುವ ನೀರಿನ ಚೊಂಬನ್ನು ನನ್ನ ಹಾಸಿಗೆಯ ಮೇಲೆ ಬಗ್ಗಿಸಿ, “ನಾನೇ ಅಪ್ಪಾ, ಕೈಜಾರಿ ನೀರು ಚೆಲ್ಲೋಯ್ತು” ಎಂದೆ. ಆಮೇಲೆ ಎಷ್ಟು ಸಲ ನಿನ್ನ ಕೈ ಜಾರಿತೋ! ಮನೆಯಲ್ಲಿ ನಿನಗೆ ‘ತೂತುಕೈ’ ಎಂದೇ ಹೆಸರು ಬಿತ್ತು.

ನಿನ್ನೆ ಮಗಳು ಆ ಒದ್ದೆಯ ನಡುವೆ ನಿಂತಿದ್ದಳು. ಉಂಡೆ ಅವಳ ಕಾಲ ಹಿಂದೆ. ಅವಳ ಕೈಯಲ್ಲಿ ಖಾಲಿ ಜಗ್ಗು. “ನಾನೇ ಅಮ್ಮಾ, ನೀರು ಕುಡಿಯೋಕ್ ಹೋಗಿ ಚೆಲ್ದೆ” ಎಂದಳು.

ಈ ಕಥೆ ನಾನು ಅವಳಿಗೆ ಎಂದೂ ಹೇಳಿಲ್ಲ. ನೀನೂ ಹೇಳಿರಲಾರೆ. ಯಾರೂ ಹೇಳಿಕೊಡದೆ ಕಲಿತುಬಿಟ್ಟಿದ್ದಾಳೆ. ಜಗ್ಗು ಅವಳ ಕೈಯಲ್ಲಿ ನಡುಗುತ್ತಿತ್ತು. ಅಕ್ಕಾ, ಆಗ ನಿನ್ನ ಕೈಯೂ ನಡುಗುತ್ತಿತ್ತೇ? ನೀನು ದೊಡ್ಡವಳು, ನಿನಗೇನು ಭಯ ಎಂದುಕೊಂಡೇ ನಾನು ಬೆಳೆದುಬಿಟ್ಟೆ. ನೀನೂ ಆಗ ಇವಳಷ್ಟೇ ಇದ್ದೆ.

ಒದ್ದೆ ನೆಲದ ಮೇಲೇ ಕೂತು, “ಹೋಗ್ಲಿ ಬಿಡು ಕಂದಾ” ಎಂದೆ. ಇಬ್ಬರೂ ಹತ್ತಿರ ಬರಲಿಲ್ಲ. ಸಂಜೆಗೆ ಉಂಡೆಯೇನೋ ಬಂದು ನನ್ನ ಪಾದ ಮೂಸಿತು.

ಪೇಪರನ್ನೆಲ್ಲ ರದ್ದಿಗೆ ಹಾಕಿ, ಬಚ್ಚಲ ಪಕ್ಕ ಹಳೇ ಟವೆಲು ಹಾಸಿದ್ದೇನೆ. ಇವತ್ತು ಬೆಳಿಗ್ಗೆ ಉಂಡೆ ಅರ್ಧ ಅದರ ಮೇಲೆ, ಅರ್ಧ ಹೊರಗೆ ಮಾಡಿತು. ಮಗಳು ತಟ್ಟನೆ ನನ್ನ ಮುಖ ನೋಡಿದಳು. ನಾನು ಚಪ್ಪಾಳೆ ತಟ್ಟಿದೆ. ಚಪ್ಪಾಳೆಗೂ ಇಬ್ಬರೂ ಬೆಚ್ಚಿಬಿದ್ದರು.

ಅಪ್ಪನಿಗೆ ತಮ್ಮ ದನಿ ತಮಗೆ ಕೇಳಿಸುತ್ತಿರಲಿಲ್ಲವೇನೋ. ನಾಳೆ ನನಗೂ ಕೇಳಿಸದೆ ಹೋದರೆ? ನನಗಿರುವ ಭಯ ಇದೊಂದೇ. ಆ ದನಿಯ ಗುರುತು ಬಲ್ಲವಳು ನೀನು. ಬಾ, ಸ್ವಲ್ಪ ದಿನ ನಮ್ಮಲ್ಲಿ ಇರು. ಅದು ನನ್ನ ಬಾಯಲ್ಲಿ ಬಂದ ಕೂಡಲೇ ಹೇಳು. ಹೇಳಲು ಸಂಕೋಚವಾದರೆ ಒಂದು ಚೊಂಬು ನೀರು ಚೆಲ್ಲಿಬಿಡು, ನನಗೆ ಅರ್ಥವಾಗುತ್ತದೆ.

ನನ್ನನ್ನು ಕಾಯ್ದ ಆ ತೂತುಕೈ ಸದಾ ತಣ್ಣಗಿರಲಿ.

ನಿನ್ನ ಪಕ್ಕದ ಹಾಸಿಗೆಯವಳು,
ತಂಗಿ