ಅವ್ವನ ಸುದ್ದಿ, ನಿನ್ನ ಸುವಾರ್ತೆ

ಧನಕವಡಿ, ಪುಣೆ
9 ನವೆಂಬರ್ 1997

ನನ್ನ ತಂಗಿ ಶಿವಕಾಂತಾಗೆ,

ಕರ್ತನ ಹೆಸರಿನಲ್ಲಿ ನಿನ್ನ ಅಕ್ಕ ಅನುಸೂಯಾ ಮಾಡುವ ಆಶೀರ್ವಾದಗಳು. ಗುಲಬರ್ಗಾದಲ್ಲಿ ನೀನು, ನಿನ್ನ ಯಜಮಾನರು, ನಿನ್ನ ಸಾಲಿಯ ಮಕ್ಕಳು ಎಲ್ಲರೂ ಸುಖವಾಗಿದ್ದೀರೆಂದು ತಿಳಿದಿದ್ದೇನೆ. ನಾನು ಸುಖವಾಗಿಲ್ಲ. ನೀನು ಕಳಿಸಿದ ಪುಸ್ತಕದ ಹಾಳೆಗಳ ಕಟ್ಟು ಮಂಗಳವಾರ ಬಂತು. ಅಂದಿನಿಂದ ನನಗೆ ಊಟ ರುಚಿಸಿಲ್ಲ.

ಪುಸ್ತಕ ಚೆನ್ನಾಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅಕ್ಕನ ಬಾಯಿಂದ ಒಂದು ಒಳ್ಳೆಯ ಮಾತೂ ಬರಲಿಲ್ಲವೆಂದು ನೀನು ಮುಖ ಊದಿಸಿಕೊಳ್ಳುವುದು ಬೇಡ. ಎಷ್ಟು ಚೆನ್ನಾಗಿದೆಯೆಂದರೆ, ಓದುತ್ತ ಓದುತ್ತ ಮೈಯೆಲ್ಲ ಉರಿಯಿತು. ಹೊಟ್ಟೆಕಿಚ್ಚು ಶಿವೀ, ಬೇರೇನೂ ಅಲ್ಲ. ಐವತ್ತರ ಹತ್ತಿರ ಬಂದವಳು ಇದನ್ನು ಬರೆಯಲು ನಾಚಬೇಕು. ನಾಚಿಕೆಯೂ ಆಗುತ್ತದೆ, ಕಿಚ್ಚೂ ಆರುವುದಿಲ್ಲ.

ಮೇಲಿನ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ‘ಚಂದಮ್ಮನ ಸುವಾರ್ತೆ’. ಕೆಳಗೆ ‘ಬರೆದವರು: ಶಿವಕಾಂತಾ’. ನಮ್ಮವ್ವ ಸತ್ತು ಒಂದೂವರೆ ವರ್ಷ. ಆಕೆ ಕಟ್ಟಿದ ಕನ್ನಡ ಸಭೆಯವರು ಆಕೆಯ ಮೇಲೊಂದು ಪುಸ್ತಕ ಮಾಡಿಸಿ ಕ್ರಿಸ್ಮಸ್ಸಿಗೆ ಹಂಚುತ್ತಾರೆಂದಾಗ ನಾನೇ ಎಲ್ಲರಿಗಿಂತ ಹೆಚ್ಚು ಕುಣಿದೆ. ಯಾರು ಬರೆಯುವುದು ಎಂದು ಮುರುಗೆಪ್ಪ ಪಾಸ್ಟರ್ ಕೇಳಿದಾಗ ಇಡೀ ಸಭೆ ಒಂದೇ ಬಾಯಲ್ಲಿ ನಿನ್ನ ಹೆಸರು ಹೇಳಿತು. ನಾನು ಮುಂದಿನ ಸಾಲಿನಲ್ಲಿಯೇ ಕೂತಿದ್ದೆ. ನನ್ನ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ.

ನಿನಗೆ ಎಲ್ಲವೂ ಹೀಗೇ ಸಿಕ್ಕಿತು. ನನ್ನನ್ನು ಏಳನೇ ಇಯತ್ತೆಗೇ ಸಾಲಿ ಬಿಡಿಸಿ ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಇಟ್ಟರು. ನಿನ್ನ ಕೈಗೆ ಪಾಟಿ ಕೊಟ್ಟರು. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಕೆಲಸ ಮುಗಿಸಿ ಬಂದ ಮೇಲೆ ನಾನು ಸತ್ಯವೇದದ ಒಂದು ಪುಟ ಓದಬೇಕು, ಆಕೆ ಕಣ್ಣು ಮುಚ್ಚಿ ಕೇಳಬೇಕು, ಭಾನುವಾರ ಅದನ್ನು ಕಾತ್ರಜದ ಕಡೆ ನಮ್ಮವರ ಶೆಡ್ಡುಗಳಿಗೆ ಹೋಗಿ ತನ್ನ ಮಾತಿನಲ್ಲಿ ಹೇಳಬೇಕು. ಜೊತೆಗೆ ನಾನು. ಇಪ್ಪತ್ತು ವರ್ಷ ನಾನು. ನೀನು ಮೊದಲು ಹಾಸ್ಟೆಲಿನಲ್ಲಿದ್ದೆ, ಆಮೇಲೆ ಗುಲಬರ್ಗಾದಲ್ಲಿ.

ಮೊದಲ ದಿನದ್ದು ನಿನಗೆ ನಾನೇ ಹೇಳಿದ್ದೆ. ಅವ್ವ ಶೆಡ್ಡುಗಳ ಮುಂದೆ ನಿಂತು ‘ಸುದ್ದಿ ತಂದೀನ್ರೆವ್ವಾ’ ಎಂದಳು. ಬೀದರ ಕಡೆಯಿಂದ ದುಡಿಯಲು ಬಂದವರಿಗೆ ಸುದ್ದಿ ಬಂತೆಂದರೆ ಊರಲ್ಲಿ ಯಾರೋ ಹೋದರೆಂದೇ ಲೆಕ್ಕ. ರಂಗೂಬಾಯಿ ಹಿಟ್ಟಿನ ಕೈಯಲ್ಲೇ ಓಡಿಬಂದು, ನಮ್ಮಪ್ಪ ಹೋದನೇನಬೇ ಎಂದು ಎದೆ ಬಡಿದುಕೊಂಡಳು. ಅವಳನ್ನು ನೋಡಿ ಇನ್ನೂ ನಾಲ್ಕು ಮಂದಿ ಅಳಲು ಕೂತರು. ಅವ್ವ ಗಾಬರಿಬಿದ್ದು ಎರಡೂ ಕೈ ಆಡಿಸುತ್ತ, ‘ಯಾರೂ ಸತ್ತಿಲ್ರೆವ್ವಾ, ಸತ್ತವ ಎದ್ದಾನ! ಇದೇ ಸುದ್ದಿ!’ ಎಂದು ಕೂಗಿದಳು. ಅಳು ಗಪ್ಪನೆ ನಿಂತಿತು. ಯಾರವ, ಯಾವೂರವ, ಯಾವಾಗ ಎದ್ದ ಎಂದು ರಂಗೂಬಾಯಿ ಮೂಗು ಒರೆಸಿಕೊಂಡು ಕೇಳಿದಳು. ಅಲ್ಲಿಂದ ಅವ್ವನ ಮಾತು ಶುರುವಾಯಿತು. ಆಮೇಲೆ ಯಾವ ಶೆಡ್ಡಿಗೆ ಹೋದರೂ ಆಕೆ ಬೇಕಂತಲೇ ಹೀಗೇ ಶುರು ಮಾಡುತ್ತಿದ್ದಳು.

ನೀನು ಏನು ಬರೆದಿದ್ದೀಯ? ‘ಚಂದಮ್ಮನವರು ಶ್ರಮಿಕರ ವಸತಿಗಳಲ್ಲಿ ಸುವಾರ್ತೆಯನ್ನು ಸಾರಿದರು.’ ಐದು ಶಬ್ದ. ರಂಗೂಬಾಯಿಯೂ ಇಲ್ಲ, ಅಳುವೂ ಇಲ್ಲ. ಅವ್ವನ ಬಾಯಿಂದ ಸುವಾರ್ತೆ ಎಂಬ ಶಬ್ದ ಒಂದು ದಿನವೂ ಬಂದದ್ದಿಲ್ಲ ಕಣವ್ವ. ಆಕೆಗೆ ಅದು ಸುದ್ದಿ. ಇಡೀ ಪುಸ್ತಕದಲ್ಲಿ ಅವ್ವ ಯಾರೋ ಹೆಡ್‌ಮೇಡಂ ಇದ್ದಂತೆ ಮಾತಾಡುತ್ತಾಳೆ.

ಸುವಾರ್ತೆಯ ವಿಷಯ ಅಕ್ಕನಿಗೇನು ಗೊತ್ತು ಎನ್ನುತ್ತೀಯ. ಜೂನ್‌ನಿಂದ ಪ್ರತಿ ಶನಿವಾರ ಮಧ್ಯಾಹ್ನ ಬಸ್ಸು ಹಿಡಿದು ಇಲ್ಲಿಯ ಕ್ಯಾಂಪ್ ಬಡಾವಣೆಗೆ ಹೋಗುತ್ತಿದ್ದೇನೆ. ಅಲ್ಲಿ ಕೃಷ್ಣಾಜಿ ಮಾಸ್ತರರು ಕರ್ತನ ಕಥೆ ಹೇಳುವ ಸತ್ಯವೇದದ ನಾಲ್ಕು ಸುವಾರ್ತೆಗಳು ಬರಹವಾದದ್ದು ಹೇಗೆ ಎಂದು ಮರಾಠಿಯಲ್ಲಿ ಪಾಠ ಹೇಳುತ್ತಾರೆ. ನಿನಗೆ ಹೇಳಿರಲಿಲ್ಲ. ನಿನಗೆ ಗೊತ್ತಿಲ್ಲದ್ದು ಒಂದಾದರೂ ನನಗೆ ಗೊತ್ತಿರಲಿ ಎಂದೇ ಹೋಗಲು ಶುರು ಮಾಡಿದೆ.

ಮಾಸ್ತರರು ಹೇಳುವುದು ಇಷ್ಟು. ಸುವಾರ್ತೆ ಮೊದಲು ಪುಸ್ತಕವೇ ಅಲ್ಲ. ಬಾಯಿಂದ ಬಾಯಿಗೆ ಹೋದ ಸುದ್ದಿ. ಪೌಲ ತನ್ನ ಪತ್ರಗಳಲ್ಲಿ ನನ್ನ ಸುವಾರ್ತೆ ಎಂದು ಬರೆಯುವಾಗ ಅವನ ಮುಂದೆ ಅಂಥ ಪುಸ್ತಕ ಇರಲಿಲ್ಲ. ಊರೂರಿಗೆ ಹೋಗಿ ತಾನು ಸಾರಿದ ಮಾತನ್ನೇ ಅವನು ಹಾಗೆ ಕರೆದ. ಕರ್ತನನ್ನು ಕಣ್ಣಾರೆ ಕಂಡವರು ಒಬ್ಬೊಬ್ಬರಾಗಿ ಮಣ್ಣು ಸೇರತೊಡಗಿದರು. ಸುಮಾರು ನಲವತ್ತು ವರ್ಷವಾದ ಮೇಲೆ ಮಾರ್ಕ ಕುಳಿತು ಬರೆದ. ಅವನ ಭಾಷೆ ಒರಟು, ಬೀದಿಯಲ್ಲಿ ಮಾತಾಡಿದ ಹಾಗೆ. ಮತ್ತಾಯ, ಲೂಕ ಇಬ್ಬರೂ ಅವನ ಬರಹವನ್ನು ಮುಂದಿಟ್ಟುಕೊಂಡು, ಭಾಷೆ ತಿದ್ದಿ, ತಮಗೆ ಗೊತ್ತಿದ್ದದ್ದು ಸೇರಿಸಿ ತಮ್ಮದು ಬರೆದರು. ಹೆಚ್ಚಿನ ಪಂಡಿತರು ಒಪ್ಪುವುದು ಇದನ್ನೇ. ಮಾರ್ಕನ ಹೆಸರನ್ನು ಇಬ್ಬರೂ ಎತ್ತಲಿಲ್ಲ. ಮಾರ್ಕನಿಗೆ ಸಿಟ್ಟು ಬರಲಿಲ್ಲವೇನ್ರಿ ಎಂದು ನಾನು ಕೇಳಿದೆ. ಮಾರ್ಕನನ್ನು ಯಾರು ಕೇಳುತ್ತಾರೆ ಅನುಸೂಯಾಬಾಯಿ ಎಂದು ಮಾಸ್ತರರು ನಕ್ಕರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಇನ್ನೊಂದು ಕೇಳು. ನಮ್ಮ ಕನ್ನಡದಲ್ಲಿ ಮತ್ತಾಯನು ಬರೆದ ಸುವಾರ್ತೆ ಎಂದಿದೆಯಲ್ಲ, ಮೂಲದ ಗ್ರೀಕಿನಲ್ಲಿ ‘ಬರೆದ’ ಎಂಬುದೇ ಇಲ್ಲವಂತೆ. ಮತ್ತಾಯನ ಪ್ರಕಾರ ಎಂದಿದೆಯಂತೆ. ಆ ಹೆಸರನ್ನೂ ಅವರು ಹಾಕಿಕೊಂಡದ್ದಲ್ಲ, ಆಮೇಲೆ ಸಭೆಯವರು ಹಚ್ಚಿದ್ದು. ಸುದ್ದಿ ಒಂದೇ, ಹೇಳಿದವರು ನಾಲ್ವರು. ನೀನು ಮಾತ್ರ ನಿನ್ನ ಹೆಸರನ್ನು ನೀನೇ ಹಚ್ಚಿಕೊಂಡೆ. ನನ್ನ ಹೆಸರು ಪುಸ್ತಕದಲ್ಲಿ ಒಂದೇ ಕಡೆ ಇದೆ, ಕೊನೆಯ ಅಧ್ಯಾಯದಲ್ಲಿ: ‘ಹಿರಿಯ ಮಗಳು ಅನುಸೂಯಾ ಹೇಳಿದ ಪ್ರಕಾರ’. ಅದನ್ನು ಓದಿ ಹಾಳೆಗಳನ್ನು ಮತ್ತೆ ಕಟ್ಟಿಟ್ಟೆ.

ಪಾಸ್ಟರ್ ಒಂದು ಮಾತು ಸ್ಪಷ್ಟ ಹೇಳಿದ್ದಾರೆ. ಚಂದಮ್ಮನ ಕೊನೆಗಾಲದಲ್ಲಿ ಜೊತೆಗಿದ್ದವಳು ಹೂಂ ಅನ್ನದೆ ಪುಸ್ತಕ ಅಚ್ಚಿಗೆ ಹೋಗುವುದಿಲ್ಲ. ಒಪ್ಪಿಗೆಯ ಕಾಗದ ನನ್ನ ಮುಂದೆಯೇ ಇದೆ. ನಾನು ಸಹಿ ಹಾಕಬೇಕಾದರೆ ನೀನು ಮೂರು ಕೆಲಸ ಮಾಡಬೇಕು. ಸುವಾರ್ತೆ ಎಂದಲ್ಲೆಲ್ಲ ಸುದ್ದಿ ಎಂದು ಬರಿ. ಅವ್ವನ ಮಾತನ್ನು ತಿದ್ದಬೇಡ. ಕೊನೆಯ ಅಧ್ಯಾಯ ತೆಗೆದುಬಿಡು.

ಅದನ್ನೇ ಯಾಕೆ ತೆಗೆಯಬೇಕು ಎಂದು ಕೇಳಬೇಡ. ಅದೇ ಎಲ್ಲಕ್ಕಿಂತ ಚೆನ್ನಾಗಿದೆ, ಗೊತ್ತು. ಪಾಸ್ಟರ್ ಓದಿ ಕಣ್ಣೀರು ಹಾಕಿದರಂತೆ. ಅದರಲ್ಲಿರುವುದು, ಅವ್ವ ನನ್ನ ಕೈ ಹಿಡಿದು, ‘ಅನುಸೂಯಾ, ನನ್ನ ಸುದ್ದಿ ನಿನ್ನ ಬಾಯಾಗ ಇರಲಿ’ ಎಂದು ಪ್ರಾಣ ಬಿಟ್ಟದ್ದು. ಇಷ್ಟು ದಿನ ಅದನ್ನು ಎಷ್ಟು ಸಲ ಹೇಳಿದ್ದೇನೋ. ಶೆಡ್ಡಿನಲ್ಲಿ, ಸಭೆಯಲ್ಲಿ, ನೀರಿನ ಸಾಲಿನಲ್ಲಿ. ಬಾಯಲ್ಲಿದ್ದಾಗ ಅದು ಹಗುರವಾಗಿತ್ತು. ನಿನ್ನೆ ಶನಿವಾರ ಮಾಸ್ತರರು ಮಾರ್ಕನ ಬರಹದ ಕೊನೆಯನ್ನು ಓದಿಸಿದರು. ಹಳೆಯ ಪ್ರತಿಗಳಲ್ಲಿ ಅದು, ಕರ್ತನ ಬರಿದಾದ ಸಮಾಧಿ ಕಂಡ ಹೆಂಗಸರು ಹೆದರಿ ಯಾರಿಗೂ ಏನೂ ಹೇಳಲಿಲ್ಲ ಎನ್ನುವಲ್ಲಿಗೆ ಮುಗಿಯುತ್ತದೆಯಂತೆ. ಅಷ್ಟಕ್ಕೆ ಸಮಾಧಾನವಾಗದೆ ಮುಂದಿನವರು ಚಂದದ ಕೊನೆಯೊಂದನ್ನು ಜೋಡಿಸಿದರಂತೆ. ನಾನು ಪಾಠದ ನಡುವೆಯೇ ಎದ್ದು ಬಂದೆ.

ನಿನ್ನ ಮೇಲೆ ಕೋಪವಿದೆ, ಆದರೆ ನಿನ್ನ ಬರಹದ ಮೇಲೆ ಇಲ್ಲ. ಪುಸ್ತಕ ಬರೆಯಲು ನನಗೆ ಕೊಟ್ಟಿದ್ದರೆ ನಾನು ಇಷ್ಟು ಚೆನ್ನಾಗಿ ಬರೆಯುತ್ತಿರಲಿಲ್ಲ. ಯಜಮಾನರಿಗೆ ನಮಸ್ಕಾರ ತಿಳಿಸು.

ನಿನ್ನ ಅಕ್ಕ,
ಅನುಸೂಯಾ

ಮರೆತದ್ದು: ಮರೆತದ್ದಲ್ಲ. ಲಕೋಟೆಗೆ ಗೋಂದು ಹಚ್ಚಿ ಮತ್ತೆ ಕಿತ್ತಿದ್ದೇನೆ.

ಅವ್ವ ದವಾಖಾನೆಯಲ್ಲಿದ್ದ ಮೂರು ದಿನವೂ ನಾನೇ ಆಕೆಯ ಹತ್ತಿರ ಇದ್ದೆ. ಮೂರು ದಿನವೂ ಆಕೆ ಕೇಳಿದ್ದು ಒಂದೇ: ‘ಶಿವಿ ಬಂದ್ಲೇನ?’ ಬಸ್ಸು ಹತ್ಯಾಳವ್ವಾ, ಬರ್ತಾಳ ಎಂದು ಹೇಳಿ ಹೇಳಿ ಸಾಕಾಯಿತು. ಮೂರನೆಯ ಮಧ್ಯಾಹ್ನ ಆಕೆಗೆ ಕಣ್ಣು ಕಾಣುತ್ತಿರಲಿಲ್ಲ. ಮತ್ತೆ ಕೇಳಿದಳು. ನನಗೆ ಹೊಟ್ಟೆ ಉರಿಯಿತು. ‘ಬಂದೀನವ್ವಾ, ನಾನೇ ಶಿವಿ’ ಎಂದೆ. ಆಕೆ ಕೈ ಹಿಡಿದು ಆ ಮಾತು ಹೇಳಿದ್ದು ಆಗ. ಆಕೆ ಕರೆದದ್ದು ನಿನ್ನ ಹೆಸರು. ನಾನು ಅದನ್ನು ತೆಗೆದು ನನ್ನದನ್ನು ಇಟ್ಟೆ. ನೀನು ಬಂದದ್ದು ಮರುದಿನ ಬೆಳಿಗ್ಗೆ.

ಅಧ್ಯಾಯ ತೆಗೆಯಬೇಡ, ತಿದ್ದು. ಸಹಿ ಹಾಕಿದ ಕಾಗದ ಇದರೊಳಗೇ ಇದೆ. ಆದರೆ ತಿದ್ದುವುದಾದರೆ ಪೂರ್ತಿ ಬರಿ, ಯಾಕೆಂದರೆ ಅವ್ವ ಅಷ್ಟಕ್ಕೆ ನಿಲ್ಲಿಸಲಿಲ್ಲ. ಉಸಿರು ಎಳೆದುಕೊಂಡು, ‘ಅನುಸೂಯಾನ ಕೈ ಬಿಡಬ್ಯಾಡ ಶಿವೀ. ಆಕಿ ಇರದಿದ್ದರ ನನ್ನ ಸುದ್ದಿ ನಮ್ಮ ಮನಿ ಹೊಸ್ತಿಲಾನೂ ದಾಟತಿರಲಿಲ್ಲ. ಇದನ್ನ ಆಕಿ ಮುಂದ ಹೇಳಬ್ಯಾಡ, ಉಬ್ಬತಾಳ’ ಎಂದಳು.